ತಕ್ಕಡಿ ನಂಬಿದವನ ತಲೆ ಹೋಯಿತು

ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ತೂಗುವಾಗ ಈ ಕಿಲೋ ಎಲ್ಲಿಂದ ಬಂತು ಅಂತ ಕೇಳುವವರಿಲ್ಲ. ಅದರ ಹುಟ್ಟಿನಲ್ಲಿ ಕೈಯಾಡಿಸಿದವರ ಪೈಕಿ ಒಬ್ಬ ಪ್ಯಾರಿಸ್ಸಿನ ಆಂತ್ವಾನ್ ಲವಾಸಿಯೆ. ರಸಾಯನಶಾಸ್ತ್ರದ ಪಿತಾಮಹ ಅಂತ ಸ್ಕೂಲಿನಲ್ಲಿ ಓದಿ ಮರೆತ ಹೆಸರು. ಆ ಪಿತಾಮಹನ ರುಂಡ ಮುಂಡ ಬೇರೆಯಾದ ಕಥೆ ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

1743ರಲ್ಲಿ ಹುಟ್ಟು. ವಕೀಲರ ಮನೆ, ಓದಿದ್ದೂ ಕಾನೂನು. ಹುಚ್ಚು ವಿಜ್ಞಾನದ್ದು, ಕೈಯಲ್ಲಿದ್ದ ಆಯುಧ ತಕ್ಕಡಿ. ನೀರನ್ನು ಕಾಯಿಸುತ್ತಾ ಹೋದರೆ ಅದು ಮಣ್ಣಾಗುತ್ತದೆ ಅಂತ ಆಗ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಪಾತ್ರೆ ತಳದಲ್ಲಿ ಗಸಿ ಕಾಣುತ್ತಿತ್ತಲ್ಲ! ಲವಾಸಿಯೆ 1768ರಲ್ಲಿ ಗಾಜಿನ ಪಾತ್ರೆಗೆ ನೀರು ಹಾಕಿ, ಬಾಯಿ ಮುಚ್ಚಿ, 101 ದಿನ ಕಾಯಿಸಿದ. ಮೊದಲೂ ತೂಗಿದ, ಆಮೇಲೂ ತೂಗಿದ. ಒಟ್ಟು ತೂಕ ಅಷ್ಟೇ. ಖಾಲಿ ಪಾತ್ರೆ ಮಾತ್ರ ಹಗುರವಾಗಿತ್ತು. ಗಸಿ ಬಂದದ್ದು ಗಾಜಿನಿಂದ, ನೀರಿನಿಂದಲ್ಲ.

ಉರಿಯುವ ವಿಷಯವೂ ಹಾಗೇ. ವಸ್ತು ಉರಿದರೆ ಒಳಗಿಂದ ಏನೋ ಹೊರಟುಹೋಗುತ್ತದೆ ಎಂಬುದು ಆಗಿನ ಶಾಸ್ತ್ರ. ಹಾಗಿದ್ದರೆ ಕಾಯಿಸಿದ ತವರ ಪುಡಿಯಾದಾಗ ತೂಕ ಇಳಿಯಬೇಕು. ಆದರೆ ಏರುತ್ತಿತ್ತು! 1774ರಲ್ಲಿ ಆತ ಮುಚ್ಚಿದ ಗಾಜಿನೊಳಗೆ ತವರ ಕಾಯಿಸಿದ. ಒಟ್ಟು ತೂಕದಲ್ಲಿ ವ್ಯತ್ಯಾಸವಿಲ್ಲ. ಬಾಯಿ ತೆರೆದದ್ದೇ ತಡ, ಹೊರಗಿನ ಗಾಳಿ ಒಳಗೆ ನುಗ್ಗಿ ತೂಕ ಹೆಚ್ಚಿತು. ಒಳಗಿದ್ದ ಗಾಳಿಯ ಒಂದು ಪಾಲನ್ನು ತವರ ಹಿಡಿದುಕೊಂಡಿತ್ತು. ಆ ಪಾಲಿಗೆ ಮುಂದೆ ಆತ ಇಟ್ಟ ಹೆಸರೇ ಆಕ್ಸಿಜನ್. ಅದನ್ನು ಮೊದಲು ಬೇರ್ಪಡಿಸಿದವರು ಇಂಗ್ಲೆಂಡಿನ ಪ್ರೀಸ್ಟ್ಲಿ, ಸ್ವೀಡನ್ನಿನ ಶೀಲೆ. ಅವರಿಗೆ ಸಲ್ಲಬೇಕಾದ ಮರ್ಯಾದೆ ಈತ ಪೂರಾ ಸಲ್ಲಿಸಲಿಲ್ಲ. ಅದು ಬಾಕಿ ಲೆಕ್ಕ.

ವಸ್ತು ವೇಷ ಬದಲಿಸಬಹುದು, ಜಮಾಖರ್ಚು ಮಾತ್ರ ತಾಳೆಯಾಗಲೇಬೇಕು. ಡಾಲ್ಟನ್ 1808ರಲ್ಲಿ ಪರಮಾಣು ಸಿದ್ಧಾಂತ ಅಚ್ಚು ಹಾಕಿಸಿದ್ದು ಈ ಅಡಿಪಾಯದ ಮೇಲೆ.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಫಜೀತಿ ಶುರುವಾದದ್ದೇ ಅಲ್ಲಿ. 1768ರಲ್ಲೇ ಲವಾಸಿಯೆ ತೆರಿಗೆ ಗುತ್ತಿಗೆ ಕಂಪನಿಯಲ್ಲಿ ಪಾಲು ಕೊಂಡಿದ್ದ. ರಾಜನಿಗೆ ಗುತ್ತಿಗೆ ಹಣ ಕಟ್ಟುವುದು, ಉಪ್ಪು, ಹೊಗೆಸೊಪ್ಪಿನ ಮೇಲೆ ಜನರಿಂದ ವಸೂಲು ಮಾಡುವುದು. ಜನ ಹಲ್ಲು ಕಡಿಯುತ್ತಿದ್ದರು. ಕಳ್ಳಸರಕು ತಡೆಯಲು ಪ್ಯಾರಿಸ್ ಸುತ್ತ ಗೋಡೆ ಕಟ್ಟಿಸುವ ಸಲಹೆಯೂ ಈತನದೇ. ಪತ್ರಿಕೆ ನಡೆಸುತ್ತಿದ್ದ ಮರಾ 1791ರಲ್ಲಿ ಇದನ್ನೇ ಹಿಡಿದು ಜಾಡಿಸಿದ. ಊರಿನ ಗಾಳಿಯನ್ನೇ ತಡೆದ ಅಂತ ಆಪಾದನೆ. ಅದೂ ಗಾಳಿಯ ಗುಟ್ಟು ಬಿಚ್ಚಿದವನ ಮೇಲೆ!

ಆದರೂ ಕ್ರಾಂತಿ ಸರ್ಕಾರ ಆತನಿಂದ ಕೆಲಸ ತೆಗೆಯಿತು. ಊರಿಗೊಂದು ಅಳತೆ ಇದ್ದ ದೇಶಕ್ಕೆ ಒಂದೇ ಅಳತೆ ಬೇಕಿತ್ತು. 1793ರ ಆರಂಭದಲ್ಲಿ ಅಯುಯಿ ಎಂಬ ಪಾದ್ರಿ ಜತೆ ಸೇರಿ ಒಂದು ಲೀಟರ್ ನೀರಿನ ತೂಕ ನಿಷ್ಕರ್ಷೆ ಮಾಡಿದ. ಮುಂದೆ ಕಿಲೋಗ್ರಾಂ ಎನಿಸಿಕೊಂಡದ್ದು ಆ ಅಳತೆಯೇ. ನಮ್ಮಲ್ಲಿ ಸೇರು, ಮಣ ಸರಿಸಿ 1958ರಿಂದ ಜಾರಿಗೆ ಬಂದದ್ದೂ ಅದೇ ಕಿಲೋ. 2019ರಲ್ಲಿ ವಿಜ್ಞಾನಿಗಳು ಅದರ ವ್ಯಾಖ್ಯೆ ಬದಲಿಸಿದ್ದಾರೆ, ಅಂಗಡಿ ತೂಕಕ್ಕೇನೂ ಆಗಿಲ್ಲ.

ಅದೇ 1793ರ ನವೆಂಬರಿನಲ್ಲಿ ಗುತ್ತಿಗೆದಾರರನ್ನೆಲ್ಲ ಹಿಡಿಯಲು ಆಜ್ಞೆ ಹೊರಟಿತು. ಹೊಗೆಸೊಪ್ಪಿಗೆ ನೀರು ಚಿಮುಕಿಸಿ ತೂಕ ಏರಿಸಿ ಮಾರಿದರು ಎಂಬುದು ಆಪಾದನೆಗಳಲ್ಲೊಂದು. ಜೈಲಿನಲ್ಲೇ ಕೂತು ಲೆಕ್ಕಪತ್ರ ಸಿದ್ಧ ಮಾಡಿದ. ಕೇಳುವವರಾರು? 1794ರ ಮೇ 8ರಂದು ವಿಚಾರಣೆ, ಅದೇ ದಿನ ಗಿಲೊಟಿನ್. ಒಟ್ಟು 28 ತಲೆ. ಮಾವ ಪೋಲ್ಜ್ ಮೊದಲು, ಹಿಂದೆಯೇ ಅಳಿಯ. ವಯಸ್ಸು 50.

ಹೆಂಡತಿ ಮೇರಿ ಆನ್ ಒಂದೇ ದಿನ ತಂದೆಯನ್ನೂ ಗಂಡನನ್ನೂ ಕಳೆದುಕೊಂಡಳು. 13ರ ವಯಸ್ಸಿಗೇ ಮದುವೆಯಾಗಿ ಬಂದು, ಇಂಗ್ಲಿಷ್ ಕಲಿತು ಗಂಡನಿಗಾಗಿ ಅನುವಾದ ಮಾಡಿ, ಆತನ ಉಪಕರಣಗಳ ಚಿತ್ರ ಬರೆದುಕೊಟ್ಟ ಹೆಂಗಸು. ಆಕೆ ಗಂಡನ ಬರಹ ಅಚ್ಚು ಹಾಕಿಸಿ ಹಂಚಿದಳು. 1805ರಲ್ಲಿ ರಮ್‌ಫರ್ಡ್ ಎಂಬ ಇನ್ನೊಬ್ಬ ವಿಜ್ಞಾನಿಯನ್ನು ಮದುವೆಯಾದಳು, ಅದು ನಾಲ್ಕು ವರ್ಷಕ್ಕೆ ಮುರಿಯಿತು. ಲವಾಸಿಯೆ ಎಂಬ ಹೆಸರನ್ನು ಮಾತ್ರ ಆಕೆ ಬಿಡಲಿಲ್ಲ.