ಹಳೆಯ ಊರುಗಳ ವೈದ್ಯ ಪ್ಯಾಟ್ರಿಕ್ ಗೆಡ್ಡಿಸ್

ರಸ್ತೆ ಅಗಲೀಕರಣದ ಮಾತೆದ್ದೊಡನೆ ಹಳೆಯ ಪೇಟೆಯ ಅಂಗಡಿ, ಮನೆಗಳ ಮೇಲೆ ಕೆಂಪು ಗುರುತು ಬೀಳುತ್ತದೆ. ಕೆಡವದೆಯೂ ಊರನ್ನು ಉದ್ಧರಿಸಬಹುದೆಂದು ಶತಮಾನದ ಹಿಂದೆಯೇ ವಾದಿಸಿದವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್.

1854ರಲ್ಲಿ ಬ್ಯಾಲಟರ್‌ನಲ್ಲಿ ಜನಿಸಿದ ಗೆಡ್ಡಿಸ್ ಮೂಲತಃ ಜೀವವಿಜ್ಞಾನಿ. 1886ರಲ್ಲಿ ಪತ್ನಿ ಅನ್ನಾ ಅವರೊಡನೆ ಎಡಿನ್‌ಬರೋ ಹಳೆಯ ಪೇಟೆಯ ಶಿಥಿಲ ವಠಾರವೊಂದರಲ್ಲಿ ನೆಲೆಸಿ, ನೆರೆಹೊರೆಯವರನ್ನು ಕೂಡಿಕೊಂಡು ಅದನ್ನು ದುರಸ್ತಿಗೊಳಿಸಿದರು.

1914ರಲ್ಲಿ ಅವರು ಭಾರತಕ್ಕೆ ಬಂದರು. ತಂಜಾವೂರು ಕೋಟೆಯೊಳಗಿನ ಕೇರಿಗಳನ್ನು ಸೀಳಿ ನೇರ ರಸ್ತೆಗಳನ್ನು ಹಾಯಿಸುವ ಯೋಜನೆ ಅವರಿಗೆ ಒಪ್ಪಿಗೆಯಾಗಲಿಲ್ಲ. ತೀರಾ ಜೀರ್ಣವಾದ ಕೆಲವೇ ಮನೆಗಳನ್ನು ತೆಗೆದು, ಅಲ್ಲಿ ಬಯಲು ಬಿಟ್ಟು ಮರ ನೆಟ್ಟರೆ ಸಾಕು. ಗಾಳಿ, ಬೆಳಕು ಒಳಬರುತ್ತವೆ, ಖರ್ಚೂ ಕಡಿಮೆ ಎಂದು ತೋರಿಸಿಕೊಟ್ಟರು. ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಯನ್ನು ಇನ್ನಷ್ಟು ಕಿಕ್ಕಿರಿಸುತ್ತಾರೆ ಎಂಬುದು ಅವರ ವಾದದ ತಿರುಳಾಗಿತ್ತು.

ಪ್ಲೇಗ್ ಕಾಡುತ್ತಿದ್ದ ಇಂದೋರಿನಲ್ಲಿ ಗೆಡ್ಡಿಸ್ ದೀಪಾವಳಿಗೆ ಮೆರವಣಿಗೆ ಏರ್ಪಡಿಸಿ, ಹೆಚ್ಚು ಶುಚಿಯಾದ ಬೀದಿಗಳಲ್ಲೇ ಅದು ಸಾಗುವುದೆಂದು ಸಾರಿಸಿದರು. ಜನ ತಾವಾಗಿಯೇ ಗುಡಿಸಿ, ಸುಣ್ಣ ಬಳಿದರು.

1919ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1932ರಲ್ಲಿ ಫ್ರಾನ್ಸಿನ ಮೊಂಪೆಲ್ಯೇ ನಗರದಲ್ಲಿ ನಿಧನ ಹೊಂದಿದರು. ಭಾರತದ ಊರುಗಳಿಗಾಗಿ ಬರೆದ ಅವರ ವರದಿಗಳಲ್ಲಿ ಹಲವು ಕಡತಗಳಲ್ಲೇ ಉಳಿದವು. ಕೆಂಪು ಗುರುತು ಮಾತ್ರ ಇಂದಿಗೂ ಬೀಳುತ್ತಲೇ ಇದೆ.