ಹಾಡಿನ ಕವಿ ಶಿಶುನಾಳ ಶರೀಫ ಸಾಹೇಬರು

ಕನ್ನಡ ಕಾವ್ಯಪರಂಪರೆಯಲ್ಲಿ ಶಿಶುನಾಳ ಶರೀಫ ಸಾಹೇಬರ ಸ್ಥಾನವೇನೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅವರನ್ನು ಅನುಭಾವಿಗಳೆಂದು ಗೌರವಿಸುವವರೂ ಶ್ರೇಷ್ಠ ಕವಿಗಳೆನ್ನಲು ಹಿಂಜರಿಯುವುದುಂಟು. ಛಂದಸ್ಸಿನ ಬಿಗಿಯಿಲ್ಲ, ಆಡುಮಾತಿನ ಸಡಿಲವಿದೆ, ಒಂದೇ ಪದಕ್ಕೆ ಊರಿಗೊಂದು ಪಾಠವಿದೆ ಎಂಬುದು ಅಂಥವರ ಆಕ್ಷೇಪ. ಇದಕ್ಕೆ ಸಮಾಧಾನವನ್ನು ಸಾಹೇಬರ ಬಾಳಿನಲ್ಲಿಯೂ ಪದಗಳಲ್ಲಿಯೂ ಅರಸಬೇಕು.

ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಇಮಾಮ ಸಾಹೇಬ ಹಾಗೂ ಹಜ್ಜೂಮಾ ದಂಪತಿಗಳ ಪುತ್ರರಾಗಿ ಅವರು ಜನಿಸಿದರು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಕಳಸದ ಗೋವಿಂದ ಭಟ್ಟರ ಶಿಷ್ಯತ್ವ ದೊರೆತ ಮೇಲೆ ಬಾಳಿನ ದಿಕ್ಕೇ ಬದಲಾಯಿತು. ಬ್ರಾಹ್ಮಣ ಗುರುವು ಮುಸಲ್ಮಾನ ಶಿಷ್ಯನಿಗೆ ಜನಿವಾರ ತೊಡಿಸಿದರೆಂಬುದು ಜನಜನಿತವಾದ ಪ್ರತೀತಿ. ಎರಡೂ ಕಡೆಯವರ ನಿಂದೆಗೆ ಗುರುಶಿಷ್ಯರು ಅಳುಕಲಿಲ್ಲ. ಊರ ಬಸವೇಶ್ವರನಲ್ಲಿ ನೆಟ್ಟ ಭಕ್ತಿಯೇ ಶಿಶುನಾಳಧೀಶನೆಂಬ ಅಂಕಿತವಾಯಿತು. 1889ರಲ್ಲಿ ಅವರು ಲಿಂಗೈಕ್ಯರಾದರೆಂದು ಒಬ್ಬರೂ, ಪೈಗಂಬರವಾಸಿಗಳಾದರೆಂದು ಇನ್ನೊಬ್ಬರೂ ಹೇಳುವಂತೆ, ಅವರ ಗದ್ದುಗೆಗೆ ಉಭಯ ಮತದವರೂ ನಡೆದುಕೊಳ್ಳುತ್ತಾರೆ.

ಸಾಹೇಬರ ಕಾವ್ಯಸಾಮಗ್ರಿ ಕಣ್ಣೆದುರಿನದು. ಮಳೆಗೆ ಸೋರುವ ಮನೆ, ಶ್ರುತಿಗೂಡದ ತಂಬೂರಿ, ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿ, ಇವೆಲ್ಲ ಅವರಲ್ಲಿ ದೇಹದ, ಜೀವದ ರೂಪಕಗಳಾದವು. ಅಲ್ಲಮಪ್ರಭುವಿನ ಬೆಡಗಿನ ವಚನಗಳ ಗೂಢಮಾರ್ಗ ಅವರ ಒಗಟಿನಂಥ ಪದಗಳಲ್ಲಿ ಹೊಲಗೇರಿ ಅಗಸೆಗಳ ಭಾಷೆಯನ್ನಾಡಿತು. ಅರ್ಥ ತಿಳಿಯದ ಬಾಲಕನೂ ನಕ್ಕು ಹಾಡುವನು. ತಿಳಿದ ವೃದ್ಧನು ಹಾಡುತ್ತ ಮೌನವಾಗುವನು.

ಛಂದಸ್ಸಿನ ಆಕ್ಷೇಪವೂ ಪೂರ್ಣ ನಿಲ್ಲುವುದಿಲ್ಲ. ಹಲವು ಪದಗಳಲ್ಲಿ ದ್ವಿತೀಯಾಕ್ಷರ ಪ್ರಾಸವು ಸಾಲಿನಿಂದ ಸಾಲಿಗೆ ಶಿಥಿಲವಾಗದೆ ನಡೆದಿದೆ. ಲಘುಗುರುಗಳ ಪ್ರಸ್ತಾರ ಹಾಕಿದಾಗ ತಪ್ಪಿದಂತೆ ತೋರುವ ಮಾತ್ರೆಯನ್ನು ಹಾಡುಗಾರನು ಎಳೆದೋ ಮೊಟಕುಗೊಳಿಸಿಯೋ ತಾಳಕ್ಕೆ ಕೂಡಿಸುವನು. ಏಕತಾರಿ, ದಮ್ಮಡಿಗಳೊಡನೆ ಹುಟ್ಟಿದ ಪದವನ್ನು ಕೇವಲ ಕಾಗದದ ಮೇಲೆ ಅಳೆಯುವುದು ನ್ಯಾಯವಲ್ಲ. ಪಾಠಭೇದದ ಮಾತಾದರೋ ನಿಜ. ಅಂಕಿತವೊಂದರಿಂದಲೇ ಪ್ರತಿಯೊಂದು ಪದದ ಕರ್ತೃತ್ವವನ್ನು ನಿರ್ಣಯಿಸಲಾಗದು. ಆದರೆ ಬಾಯಿಂದ ಬಾಯಿಗೆ ಸಾಗಿ ಉಳಿದುದೇ ಆ ಹಾಡುಗಳ ಸತ್ತ್ವಕ್ಕೆ ಸಾಕ್ಷಿ.

ಭಜನಾಮೇಳಗಳು ಕಾಪಾಡಿದ ಈ ಪದಗಳಿಗೆ ಸಿ. ಅಶ್ವತ್ಥರು ರಾಗಸಂಯೋಜನೆ ಮಾಡಿ ಹಾಡಿದಾಗ ನಗರಗಳೂ ಕಿವಿಗೊಟ್ಟವು, ಟಿ. ಎಸ್. ನಾಗಾಭರಣರ ಚಲನಚಿತ್ರವು ಅವರ ಕೀರ್ತಿಯನ್ನು ಇನ್ನಷ್ಟು ಹಬ್ಬಿಸಿತು. ಕೀರ್ತಿಯೆಲ್ಲ ರಾಗ ಹಾಕಿದವರದೆಂಬ ವಾದವೂ ಇದೆ. ಅದು ಸಲ್ಲದು, ಮೇಳದ ಮಟ್ಟಿಗೂ ವೇದಿಕೆಯ ವಾದ್ಯವೃಂದಕ್ಕೂ ಸಮನಾಗಿ ಒಗ್ಗುವ ಲಯ ಪದದೊಳಗೇ ಇರದಿದ್ದರೆ ಯಾವ ರಾಗವೂ ಅದನ್ನು ಎತ್ತಿ ನಿಲ್ಲಿಸದು.

ಸರ್ವಮತ ಸಮನ್ವಯದ ದೃಷ್ಟಾಂತವೆಂದು ಮಾತ್ರ ಸಾಹೇಬರನ್ನು ಸ್ಮರಿಸಿದರೆ ಸಂತರು ಉಳಿದಾರು, ಕವಿ ಮರೆಯಾದಾರು. ತರಗತಿಯಲ್ಲಿ ಅವರ ಪದವನ್ನು ಅರ್ಥ ಹೇಳುವುದಕ್ಕೆ ಮುನ್ನ ಹಾಡಿಸಬೇಕು. ಪಂಡಿತರ ವಿವಾದವನ್ನು ಮಕ್ಕಳ ಕಂಠವೇ ತೀರ್ಮಾನಿಸೀತು.