ಹಿಮನಾಡಿನ ಹಾದಿಯಲ್ಲಿ ಇಬ್ನ್ ಫದ್ಲಾನ್

ಉದ್ಯೋಗಕ್ಕೆಂದು ಮನೆಯ ಮಗ ದೂರದ ನಾಡಿಗೆ ಹೊರಡುವುದು ನಮ್ಮ ಕುಟುಂಬಗಳಿಗೆ ಹೊಸ ವಿಷಯವೇನಲ್ಲ. ಹೊರಡುವ ಮುನ್ನ ಮನೆಯಲ್ಲಿ ಸಮಾಲೋಚನೆ ನಡೆಯುತ್ತದೆ. ಸಂಬಳವೆಷ್ಟು, ಹವೆ ಹೇಗೆ, ಊಟಕ್ಕೇನು, ಊರಿಗೆ ಯಾವಾಗ ಬರಬಹುದು ಎಂದು ಎಲ್ಲರೂ ವಿಚಾರಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ. ಅಲ್ಲಿ ನಮ್ಮ ದಾರಿ ಕಾಯುತ್ತಿರುವವರು ನಮ್ಮಿಂದ ಏನನ್ನು ನಿರೀಕ್ಷಿಸಿದ್ದಾರೆ? ಅದನ್ನು ಪೂರೈಸಲು ನಮ್ಮ ಕೈಯಲ್ಲಿ ಏನಿದೆ?

ಸುಮಾರು 1100 ವರ್ಷಗಳ ಹಿಂದೆ ಬಗ್ದಾದಿನಿಂದ ಉತ್ತರದ ಹಿಮನಾಡಿಗೆ ಹೊರಟ ಒಂದು ತಂಡದ ಮುಂದೆ ಇದೇ ಪ್ರಶ್ನೆ ಎದ್ದು ನಿಂತಿತು. ಆ ತಂಡದಲ್ಲಿದ್ದವರು ಅಹ್ಮದ್ ಇಬ್ನ್ ಫದ್ಲಾನ್. ಅವರ ಬಾಲ್ಯ, ಸಂಸಾರ, ಮರಣಗಳ ವಿವರವನ್ನು ಇತಿಹಾಸವು ಉಳಿಸಿಕೊಂಡಿಲ್ಲ. ಅವರೇ ಬರೆದಿಟ್ಟ ಈ ಒಂದು ಪ್ರಯಾಣದ ವರದಿಯೇ ಅವರ ಜೀವನಚರಿತ್ರೆ.

ಕೋರಿಕೆ ಬಂತು

ಆಗ ಬಗ್ದಾದಿನಲ್ಲಿ ಅಬ್ಬಾಸಿ ಖಲೀಫ ಮುಕ್ತದಿರ್ ಆಳುತ್ತಿದ್ದರು. ವೋಲ್ಗಾ ಮತ್ತು ಕಾಮಾ ನದಿಗಳು ಕೂಡುವ ಪ್ರದೇಶದಲ್ಲಿ, ಇಂದಿನ ರಷ್ಯಾದ ತಾತಾರ್‌ಸ್ತಾನದಲ್ಲಿ, ಬಲ್ಗಾರರೆಂಬ ಜನ ವಾಸಿಸುತ್ತಿದ್ದರು. ಅವರ ದೊರೆ ಅಲ್ಮಿಶ್ ಇಸ್ಲಾಮ್ ಸ್ವೀಕರಿಸಿದ್ದನು. ಆದರೆ ನೆರೆಯ ಬಲಿಷ್ಠ ಖಝರರ ಅರಸನಿಗೆ ಆತ ಮನೆಗೊಂದರಂತೆ ತುಪ್ಪುಳು ಚರ್ಮದ ಕಪ್ಪ ಕೊಡಬೇಕಾಗಿತ್ತು. ಆತನ ಮಗನೊಬ್ಬ ಖಝರರ ಬಳಿ ಒತ್ತೆಯಾಳಾಗಿದ್ದನು.

ಈ ದೊರೆ ಖಲೀಫರಿಗೆ ಪತ್ರ ಬರೆದು ಕೆಲವು ವಿಷಯಗಳನ್ನು ಕೋರಿದನು. ತನಗೂ ತನ್ನ ಜನರಿಗೂ ಧರ್ಮದ ವಿಧಿಗಳನ್ನು ಕಲಿಸಬಲ್ಲವರು ಬೇಕು, ಮಸೀದಿ ಮತ್ತು ಮಿಂಬರ್ ನಿರ್ಮಾಣವಾಗಬೇಕು, ಶತ್ರುಗಳಿಂದ ರಕ್ಷಣೆಗೆ ಕೋಟೆಯೊಂದು ಬೇಕು. ಖಲೀಫರು ಒಪ್ಪಿದರು. ಕೋಟೆಯ ಖರ್ಚಿಗೆ 4000 ದೀನಾರುಗಳನ್ನು ಗೊತ್ತುಮಾಡಲಾಯಿತು. ಪದಚ್ಯುತ ವಝೀರ ಇಬ್ನುಲ್ ಫುರಾತ್‌ಗೆ ಸೇರಿದ್ದ, ಖ್ವಾರಝ್ಮ್ ಪ್ರಾಂತ್ಯದ ಒಂದು ಜಮೀನಿನ ಉತ್ಪನ್ನದಿಂದ ಆ ಹಣವನ್ನು ವಸೂಲು ಮಾಡಬೇಕಿತ್ತು.

ತಂಡದಲ್ಲಿ ಖಲೀಫರ ರಾಯಭಾರಿ, ಬಲ್ಗಾರ್ ದೊರೆಯ ದೂತ, ಧರ್ಮಶಾಸ್ತ್ರ ಬಲ್ಲ ಫಕೀಹ್, ಪಾಠ ಕಲಿಸುವ ಮುಅಲ್ಲಿಮ್, ಸೇವಕರು ಇದ್ದರು. ಇಬ್ನ್ ಫದ್ಲಾನ್‌ರವರ ಕೆಲಸ ಸೀಮಿತವಾಗಿತ್ತು. ದೊರೆಯ ಮುಂದೆ ಖಲೀಫರ ಪತ್ರವನ್ನು ಓದುವುದು, ಉಡುಗೊರೆಗಳನ್ನು ಒಪ್ಪಿಸುವುದು, ಫಕೀಹ್ ಮತ್ತು ಮುಅಲ್ಲಿಮರ ಕಾರ್ಯದ ಮೇಲ್ವಿಚಾರಣೆ ನಡೆಸುವುದು, ಇಷ್ಟೇ. ಹಿಜರಿ ಶಕ 309ರ ಸಫರ್ 11ರಂದು, ಅಂದರೆ ಕ್ರಿ.ಶ. 921ರ ಜೂನ್ 21ರಂದು, ಅವರು ಬಗ್ದಾದನ್ನು ಬಿಟ್ಟರು.

ಹಮದಾನ್, ರಯ್, ನಿಶಾಪುರ್, ಮರ್ವ್ ನಗರಗಳನ್ನು ಹಾದು ತಂಡವು ಬುಖಾರಾ ತಲುಪಿತು. ಅಲ್ಲಿ 28 ದಿನಗಳು ಕಳೆದವು. ಜಮೀನನ್ನು ವಹಿಸಿಕೊಂಡು ಹಣ ಬಿಡಿಸಿಕೊಡಬೇಕಾಗಿದ್ದ ವ್ಯಕ್ತಿ ಇವರು ಹೊರಟ ಐದು ದಿನಗಳ ಬಳಿಕ ಬಗ್ದಾದ್ ಬಿಟ್ಟಿದ್ದನು. ಆದರೆ ಜಮೀನಿನ ಕಾರ್ಯಭಾರಿಯ ಕುತಂತ್ರದಿಂದ ಆತ ಮರ್ವ್‌ನಲ್ಲಿ ಬಂಧಿತನಾದನು. ಇತ್ತ ಚಳಿಗಾಲ ಸಮೀಪಿಸುತ್ತಿತ್ತು. ಇನ್ನೂ ತಡೆದರೆ ದಾರಿಯೇ ಮುಚ್ಚಿಹೋಗುವುದೆಂದು ತಂಡದವರು ಹಣವಿಲ್ಲದೆಯೇ ಮುಂದಕ್ಕೆ ಸಾಗಿದರು. ಖ್ವಾರಝ್ಮ್‌ನ ಅಧಿಪತಿಯೂ ಇವರನ್ನು ತಡೆದು ನೋಡಿದನು. ಮುಂದಿರುವುದು ಅವಿಶ್ವಾಸಿ ಬುಡಕಟ್ಟುಗಳ ನಾಡು, ಈ ಸಾಹಸ ಬೇಡವೆಂದನು. ಕೊನೆಗೆ ಒಲ್ಲದ ಮನಸ್ಸಿನಿಂದ ಅನುಮತಿ ನೀಡಿದನು.

ಜುರ್ಜಾನಿಯಾದ ಚಳಿ

ಜುರ್ಜಾನಿಯಾ ಪಟ್ಟಣದಲ್ಲಿ ಅವರು ರಜಬ್‌ನಿಂದ ಶವ್ವಾಲ್‌ವರೆಗೆ ತಂಗಬೇಕಾಯಿತು. ಬಗ್ದಾದಿನ ಬಿಸಿಲಲ್ಲಿ ಬೆಳೆದವರಿಗೆ ಅಲ್ಲಿನ ಚಳಿ ಊಹೆಗೂ ಮೀರಿದ್ದಾಗಿತ್ತು. ಜೈಹೂನ್ ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿತು. ಆ ಮಂಜಿನ ದಪ್ಪ 17 ಗೇಣು. ಕುದುರೆ, ಹೇಸರಗತ್ತೆ, ಗಾಡಿಗಳು ಹೆದ್ದಾರಿಯಲ್ಲಿ ಸಾಗುವಂತೆ ನದಿಯ ಮೇಲೆ ಸಾಗಿದವು. ಈ ಸ್ಥಿತಿ ಮೂರು ತಿಂಗಳು ಮುಂದುವರಿಯಿತು.

ಹಮ್ಮಾಮಿನಲ್ಲಿ ಸ್ನಾನ ಮಾಡಿ ಮನೆಗೆ ಬರುವಷ್ಟರಲ್ಲಿ ಇಬ್ನ್ ಫದ್ಲಾನ್‌ರ ಗಡ್ಡ ಮಂಜಿನ ಗಡ್ಡೆಯಾಗುತ್ತಿತ್ತು. ಅದನ್ನು ಬೆಂಕಿಯ ಮುಂದೆ ಹಿಡಿದು ಕರಗಿಸಬೇಕಾಗುತ್ತಿತ್ತು. ಮನೆಯೊಳಗೊಂದು ಕೋಣೆ, ಅದರೊಳಗೊಂದು ಉಣ್ಣೆಯ ಗುಡಾರ, ಅದರೊಳಗೆ ಹಲವು ಹೊದಿಕೆಗಳನ್ನು ಹೊದ್ದು ಮಲಗಿದರೂ ಕೆನ್ನೆ ದಿಂಬಿಗೆ ಅಂಟಿಕೊಳ್ಳುತ್ತಿತ್ತು. ನರಕದ ಝಮ್‌ಹರೀರ್ ಎಂಬ ಚಳಿಯ ಬಾಗಿಲೇ ತಮ್ಮ ಮೇಲೆ ತೆರೆಯಿತೇನೋ ಎಂದು ಅವರಿಗೆ ಭಾಸವಾಯಿತು. ಆ ಊರಿನವರ ಒಂದು ನಡತೆ ಅವರ ಗಮನ ಸೆಳೆಯಿತು. ಬಡವನು ಬೇಡಲು ಬಂದರೆ ಬಾಗಿಲಲ್ಲಿ ನಿಲ್ಲಿಸದೆ ಮೊದಲು ಒಳಗೆ ಬಂದು ಬೆಂಕಿ ಕಾಯಿಸಿಕೊಳ್ಳಲು ಬಿಡುತ್ತಿದ್ದರು. ರೊಟ್ಟಿ ಕೊಡುವುದು ಆ ಮೇಲಿನ ಮಾತು.

ಹಿಂದುಳಿದವರು

ಹೊರಡುವ ದಿನ ಬಂತು. ಟರ್ಕಿ ತಳಿಯ ಒಂಟೆಗಳನ್ನು ಕೊಂಡದ್ದಾಯಿತು. ನದಿಗಳನ್ನು ದಾಟಲು ಒಂಟೆಯ ಚರ್ಮದ ಹರಿಗೋಲುಗಳು ಸಿದ್ಧವಾದವು. ಮೂರು ತಿಂಗಳಿಗೆ ಸಾಕಾಗುವಷ್ಟು ರೊಟ್ಟಿ, ಕಿರುಧಾನ್ಯ, ಉಪ್ಪು ಹಚ್ಚಿ ಒಣಗಿಸಿದ ಮಾಂಸವನ್ನು ತುಂಬಿಸಿಕೊಂಡದ್ದಾಯಿತು. ಅಂಗಿಯ ಮೇಲೆ ನಿಲುವಂಗಿ, ಅದರ ಮೇಲೆ ಕುರಿಚರ್ಮ, ಅದರ ಮೇಲೆ ದಪ್ಪ ಉಣ್ಣೆಯ ಕವಚ, ಹೀಗೆ ಕಣ್ಣುಗಳು ಮಾತ್ರ ಕಾಣುವಂತೆ ಉಡಬೇಕಿತ್ತು. ಒಂಟೆಯ ಮೇಲೆ ಕುಳಿತವನಿಗೆ ಅಲುಗಾಡಲೂ ಆಗುತ್ತಿರಲಿಲ್ಲ.

ಆಗ ಫಕೀಹರು ಮುಂದೆ ಬರಲಾರೆವೆಂದರು. ಮುಅಲ್ಲಿಮರೂ ಹಿಂದುಳಿದರು. ಬಗ್ದಾದಿನಿಂದ ಜೊತೆಗೆ ಬಂದ ಸೇವಕರೂ ಹಾಗೆಯೇ. ಆ ನಾಡನ್ನು ಪ್ರವೇಶಿಸಲು ಅವರೆಲ್ಲರಿಗೂ ಭಯವಾಯಿತು.

ಅವರನ್ನು ಹೇಡಿಗಳೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಜೀವವನ್ನು ಕಾಪಾಡಿಕೊಳ್ಳುವುದೂ ಧರ್ಮದ ಆದೇಶವೇ. ತನ್ನ ಶಕ್ತಿಯ ಮಿತಿಯನ್ನು ಅರಿತು ನಿಲ್ಲುವವನು, ಅರ್ಧ ದಾರಿಯಲ್ಲಿ ಕುಸಿದು ಇತರರಿಗೆ ಹೊರೆಯಾಗುವವನಿಗಿಂತ ಮೇಲು. ಆದರೂ ಮಕ್ಕಳಿಗೆ ಪಾಠ ಹೇಳುವ ನನಗೆ ಈ ಘಟನೆ ಚುಚ್ಚುತ್ತದೆ. ಆ ದೊರೆ ಮೊದಲು ಕೇಳಿದ್ದು ಕಲಿಸುವವರನ್ನೇ. ಕಲಿಸಲೆಂದೇ ನೇಮಕಗೊಂಡವರು ನಿಂತುಹೋದರು, ಬರಿಯ ಪತ್ರ ಓದಬೇಕಾದವರು ಮುಂದೆ ಹೋದರು. ಹಿಂಜರಿಯುವುದಿದ್ದರೆ ಬಗ್ದಾದಿನಲ್ಲೇ ಹಿಂಜರಿಯಬಹುದಿತ್ತು. ಆಗ ಅವರ ಜಾಗಕ್ಕೆ ಬೇರೆಯವರನ್ನು ಹುಡುಕಲು ಸಮಯವಿರುತ್ತಿತ್ತು.

ಇಬ್ನ್ ಫದ್ಲಾನ್‌ರವರೂ ನಿಶ್ಚಿಂತೆಯಿಂದ ಹೊರಟವರಲ್ಲ. ಅವರ ಭಯ ಬೇರೆಯದಾಗಿತ್ತು. 4000 ದೀನಾರುಗಳ ಪ್ರಸ್ತಾಪ ಖಲೀಫರ ಪತ್ರದಲ್ಲಿಯೇ ಇದೆ, ದೊರೆಯ ದೂತನಿಗೂ ಅದು ಗೊತ್ತು, ಹಣವಿಲ್ಲದೆ ಹೋದರೆ ದೊರೆ ಕೇಳದೆ ಬಿಡುವುದಿಲ್ಲವೆಂದು ಅವರು ಸಂಗಡಿಗರನ್ನು ಎಚ್ಚರಿಸಿದರು. ಹಾಗೇನೂ ಆಗದು, ಹೆದರಬೇಡಿ ಎಂದು ಉಳಿದವರು ತಳ್ಳಿಹಾಕಿದರು. 922ರ ಮಾರ್ಚ್ ಆರಂಭದಲ್ಲಿ ಕಾಫಿಲಾ ಜುರ್ಜಾನಿಯಾವನ್ನು ಬಿಟ್ಟಿತು.

ಆ ದಾರಿಯ ಚಳಿಯ ಮುಂದೆ ಖ್ವಾರಝ್ಮ್‌ನ ಚಳಿ ಬೇಸಿಗೆಯಂತಾಯಿತು. ಗುಝ್ ಬುಡಕಟ್ಟಿನ ಮುಖ್ಯಸ್ಥರು ಇವರನ್ನು ಕೊಲ್ಲುವುದೇ, ಸುಲಿಗೆ ಮಾಡುವುದೇ, ಖಝರರಿಗೆ ಒಪ್ಪಿಸುವುದೇ ಎಂದು ಏಳು ದಿನ ಚರ್ಚಿಸಿ ಕೊನೆಗೆ ಬಿಟ್ಟುಕೊಟ್ಟರು. ಜಾಯಿಖ್ ನದಿಯಲ್ಲಿ ಹರಿಗೋಲೊಂದು ಮಗುಚಿ ಹಲವರು ಮುಳುಗಿದರು. 70 ದಿನಗಳ ಪ್ರಯಾಣದ ಬಳಿಕ, ಹಿಜರಿ 310ರ ಮುಹರ್ರಮ್ 12ರಂದು, ಅವರು ಬಲ್ಗಾರ್ ದೊರೆಯ ಬೀಡನ್ನು ತಲುಪಿದರು.

ಬರಿಗೈಯ ಅಮಾನತ್

ದೊರೆ ತಾನೇ ಎದುರುಗೊಳ್ಳಲು ಬಂದು ಕುದುರೆಯಿಂದಿಳಿದು ಅಲ್ಲಾಹನಿಗೆ ಕೃತಜ್ಞತೆಯ ಸುಜೂದ್ ಮಾಡಿದನು. ಪತ್ರ ಓದುವಾಗ ತನ್ನ ಸ್ಥೂಲ ದೇಹವನ್ನೂ ಲೆಕ್ಕಿಸದೆ ಎದ್ದು ನಿಂತೇ ಕೇಳಿದನು. ಮೂರು ದಿನಗಳ ನಂತರ ಆತ ಇಬ್ನ್ ಫದ್ಲಾನ್‌ರನ್ನು ಕರೆಸಿ ಪತ್ರಗಳನ್ನು ಮುಂದೆಸೆದು ಹಣವೆಲ್ಲಿ ಎಂದು ಕೇಳಿದನು. ಸಮಯ ಸಾಲದೆ ವಸೂಲಾಗಲಿಲ್ಲವೆಂದು ಇವರು ವಿವರಿಸಿದರೂ ಆತ ಒಪ್ಪಲಿಲ್ಲ. ಉಡುಗೊರೆಗಳನ್ನು ತನ್ನ ದೂತನೇ ತರಬಲ್ಲವನಾಗಿದ್ದ, ಇಷ್ಟು ಮಂದಿ ಬಂದದ್ದು ಕೋಟೆಯ ಹಣ ತರಲಿಕ್ಕಲ್ಲವೇ ಎಂಬುದು ಆತನ ವಾದ.

ಕೆಲವು ದಿನಗಳ ಬಳಿಕ ಆತ ಇನ್ನೂ ತೀಕ್ಷ್ಣವಾಗಿ ಮಾತನಾಡಿದನು. ಅಲ್ಲಿನ ಮುಅಝ್ಝಿನ್ ಇಕಾಮತ್‌ನ ಪದಗಳನ್ನು ಎರಡೆರಡು ಬಾರಿ ಹೇಳುತ್ತಿದ್ದನು. ಇಬ್ನ್ ಫದ್ಲಾನ್‌ರವರು ಬಗ್ದಾದಿನ ರೂಢಿಯಂತೆ ಒಂದೊಂದೇ ಬಾರಿ ಹೇಳಿಸಿದ್ದರು. ಹಣದ ಮಾತು ಬಂದ ಮೇಲೆ ದೊರೆ ಹಳೆಯ ಕ್ರಮಕ್ಕೇ ಮರಳಲು ಆಜ್ಞಾಪಿಸಿದನು. ಇವರು ಆಕ್ಷೇಪಿಸಿದಾಗ, ಎರಡು ಕ್ರಮಗಳಲ್ಲಿಯೂ ನಮಾಝ್ ಸಿಂಧುವೇ ಎಂದು ಕೇಳಿದನು. ಹೌದೆಂದು ಇವರು ಒಪ್ಪಿದರು. ಹಾಗಾದರೆ ದುರ್ಬಲ ಜನರಿಗೆಂದು ಕೊಟ್ಟ ಹಣವನ್ನು ಅವರಿಗೆ ತಲುಪಿಸದೆ ವಂಚಿಸಿದವರ ಬಗ್ಗೆ ಧರ್ಮದ ತೀರ್ಪೇನು ಎಂದು ಮರುಪ್ರಶ್ನೆ ಹಾಕಿದನು. ಬಗ್ದಾದಿನ ಸೇನೆ ತನ್ನನ್ನು ತಲುಪಲಾರದಷ್ಟು ದೂರದಲ್ಲಿದ್ದರೂ ತಾನು ಖಲೀಫರ ಶಾಪಕ್ಕೆ ಅಂಜುತ್ತೇನೆ, ಅವರ ಅನ್ನ ತಿಂದು ಅವರ ಬಟ್ಟೆ ತೊಡುವ ನಿಮಗೆ ಆ ಅಂಜಿಕೆ ಇಲ್ಲವೇ ಎಂದನು.

ಇಬ್ನ್ ಫದ್ಲಾನ್‌ರವರಲ್ಲಿ ಉತ್ತರವಿರಲಿಲ್ಲ. ಹಣವನ್ನು ಅವರು ಕದ್ದಿರಲಿಲ್ಲ. ಆದರೆ ಅದಿಲ್ಲದೆ ಹೊರಟದ್ದು ನಿಜ, ಅದರ ಪರಿಣಾಮವನ್ನು ತಿಳಿದೇ ಹೊರಟದ್ದೂ ನಿಜ. ಪ್ರಿಯ ಓದುಗರೇ, ಇಲ್ಲಿ ಅವರ ಒಂದು ಗುಣವನ್ನು ಗಮನಿಸಬೇಕು. ತಮ್ಮನ್ನು ಬಾಯಿಕಟ್ಟಿಸಿದ ಈ ಮಾತುಗಳನ್ನು ಅವರು ಅಡಗಿಸಲಿಲ್ಲ. ತಮ್ಮ ಕೈಯಿಂದಲೇ ಒಂದೂ ಬಿಡದೆ ವರದಿಯಲ್ಲಿ ಬರೆದಿಟ್ಟರು. ಬಹುಶಃ ಆ ದೊರೆಯೂ ಅವರಲ್ಲಿ ಈ ನೇರವಂತಿಕೆಯನ್ನು ಕಂಡಿರಬೇಕು. ಅಂದಿನಿಂದ ಆತ ಅವರನ್ನು ಹತ್ತಿರಕ್ಕೆ ಕರೆದು ಅಬೂಬಕರ್ ಸಿದ್ದೀಕ್ ಎಂಬ ಹೆಸರಿನಿಂದ ಕರೆಯತೊಡಗಿದನು.

ಕೈಯಲ್ಲಿ ಉಳಿದದ್ದು

ಹಣವಿಲ್ಲ, ಫಕೀಹರಿಲ್ಲ, ಮುಅಲ್ಲಿಮರಿಲ್ಲ. ಆದರೆ ಇಬ್ನ್ ಫದ್ಲಾನ್‌ರ ಬಳಿ ಜ್ಞಾನವಿತ್ತು. ಖುತ್ಬಾದಲ್ಲಿ ದೊರೆಯನ್ನು ರಾಜನೆಂದು ಹೊಗಳಿ ಪ್ರಾರ್ಥಿಸುತ್ತಿದ್ದುದನ್ನು ಅವರು ತಿದ್ದಿದರು. ನಿಜವಾದ ರಾಜ ಅಲ್ಲಾಹನೊಬ್ಬನೇ ಎಂದು ತಿಳಿಸಿದಾಗ ದೊರೆ ತಲೆಬಾಗಿ, ತನ್ನನ್ನು ಅಲ್ಲಾಹನ ದಾಸನೆಂದೇ ಹೆಸರಿಸಲು ಆಜ್ಞಾಪಿಸಿದನು. ಬರಂಜಾರ್ ಎಂಬ ಕುಲದ ಸುಮಾರು 5000 ಮಂದಿ ಇಸ್ಲಾಮ್ ಸ್ವೀಕರಿಸಿ ಮರದ ಮಸೀದಿಯಲ್ಲಿ ಸೇರುತ್ತಿದ್ದರು. ಆದರೆ ಅವರಿಗೆ ಕುರ್‌ಆನ್ ಓದಲು ಬರುತ್ತಿರಲಿಲ್ಲ. ಅವರಲ್ಲಿ ಒಂದು ಗುಂಪಿಗೆ ಇಬ್ನ್ ಫದ್ಲಾನ್‌ರವರು ನಮಾಝಿಗೆ ಬೇಕಾದಷ್ಟನ್ನು ಕಲಿಸಿದರು.

ತಾಲೂತ್ ಎಂಬ ಒಬ್ಬಾತ ಅವರ ಮೂಲಕ ಇಸ್ಲಾಮ್ ಸ್ವೀಕರಿಸಿದನು. ಆತನಿಗೆ ಅಬ್ದುಲ್ಲಾ ಎಂದು ಹೆಸರಿಟ್ಟರೆ, ಪ್ರವಾದಿಯವರ(ಸ) ಹೆಸರೇ ತನಗೆ ಬೇಕೆಂದು ಕೇಳಿ ಪಡೆದನು. ಆತನ ತಾಯಿ, ಪತ್ನಿ, ಮಕ್ಕಳೂ ವಿಶ್ವಾಸಿಗಳಾದರು. ಫಾತಿಹಾ ಮತ್ತು ಇಖ್ಲಾಸ್, ಈ ಎರಡು ಸೂರಃಗಳನ್ನು ಕಲಿತಾಗ ಆತನಿಗಾದ ಆನಂದ ಆ ನಾಡಿನ ಸಿಂಹಾಸನ ದೊರೆತಿದ್ದರೂ ಆಗುತ್ತಿರಲಿಲ್ಲವೆಂದು ಇಬ್ನ್ ಫದ್ಲಾನ್‌ರವರು ಕಂಡರು. ಎಲ್ಲವೂ ಸಫಲವಾಯಿತೆಂದಲ್ಲ. ಗಂಡಸರು, ಹೆಂಗಸರು ನದಿಯಲ್ಲಿ ಒಟ್ಟಿಗೆ ಬೆತ್ತಲೆ ಸ್ನಾನ ಮಾಡುವುದನ್ನು ತಪ್ಪಿಸಲು ಅವರು ಬಹಳ ಪ್ರಯತ್ನಿಸಿ ಸೋತರು. ಆ ಸೋಲನ್ನೂ ಬರೆದಿಟ್ಟರು.

ನಿದ್ದೆಗೆಟ್ಟ ಮುಅಝ್ಝಿನ್

ದೊರೆಯ ಬಳಿ ಒಬ್ಬ ದರ್ಜಿ ಇದ್ದನು. ಬಗ್ದಾದಿನವನೇ ಆದ ಆತ ಹೇಗೋ ಆ ನಾಡಿಗೆ ಬಂದು ಸೇರಿದ್ದನು. ಒಂದು ಸಂಜೆ ಊರಿನವನ ಜೊತೆ ಮಾತನಾಡುವ ಆಸೆಯಿಂದ ಇಬ್ನ್ ಫದ್ಲಾನ್‌ರವರು ಇಶಾ ಅಝಾನ್ ಕಾಯುತ್ತಾ ಆತನೊಂದಿಗೆ ಗುಡಾರದಲ್ಲಿ ಕುಳಿತರು. ಸ್ವಲ್ಪವೇ ಹೊತ್ತಿನಲ್ಲಿ ಅಝಾನ್ ಕೇಳಿಸಿತು. ಹೊರಬಂದು ನೋಡಿದರೆ ಬೆಳಗಾಗಿತ್ತು! ಅದು ಫಜ್ರ್ ಅಝಾನ್. ಬೇಸಿಗೆಯ ಇರುಳು ಅಷ್ಟು ಕಿರಿದು. ಇಶಾವನ್ನು ಮಗ್ರಿಬ್‌ನೊಂದಿಗೇ ನಿರ್ವಹಿಸುತ್ತೇವೆಂದು ಮುಅಝ್ಝಿನ್ ತಿಳಿಸಿದನು. ಮಲಗಿದರೆ ಫಜ್ರ್ ತಪ್ಪಿಹೋದೀತೆಂಬ ಭಯದಿಂದ ತಾನು ಒಂದು ತಿಂಗಳಿಂದ ರಾತ್ರಿ ನಿದ್ರಿಸಿಲ್ಲವೆಂದೂ ಹೇಳಿದನು.

ಉತ್ತರದ ನಾಡುಗಳಲ್ಲಿ ನಮಾಝಿನ ವೇಳೆಯ ಪ್ರಶ್ನೆ ಇಂದಿಗೂ ಉಲಮಾಗಳ ಚರ್ಚೆಯಲ್ಲಿದೆ. ಆದರೆ ಆ ಮುಅಝ್ಝಿನ್‌ನ ಕೆಂಪಡರಿದ ಕಣ್ಣುಗಳನ್ನು ಮನಸ್ಸಿನ ಮುಂದೆ ತಂದುಕೊಂಡಾಗ, ಹನ್ನೆರಡು ಗಂಟೆಗಳ ಇರುಳಿದ್ದೂ ಫಜ್ರ್ ಕಳೆದುಕೊಳ್ಳುವ ನಮ್ಮ ಬಗ್ಗೆ ನಾಚಿಕೆಯಾಗುತ್ತದೆ.

ಕೊನೆಯ ಮಾತು

ಇಬ್ನ್ ಫದ್ಲಾನ್‌ರ ವರದಿಯ ಭಾಗಗಳನ್ನು ಭೂಗೋಳಜ್ಞ ಯಾಕೂತ್ 13ನೆಯ ಶತಮಾನದಲ್ಲಿ ತಮ್ಮ ಗ್ರಂಥದಲ್ಲಿ ಸೇರಿಸಿಕೊಂಡರು. ಅದರ ವಿಸ್ತೃತ ಹಸ್ತಪ್ರತಿಯು 1923ರಲ್ಲಿ ಇರಾನಿನ ಮಶ್ಹದ್‌ನಲ್ಲಿ ವಿದ್ವಾಂಸ ಝಕೀ ವಲಿದಿ ತೋಗಾನ್‌ರ ಕಣ್ಣಿಗೆ ಬಿತ್ತು. ಆ ಪ್ರತಿ ಖಝರರ ವರ್ಣನೆಯ ನಡುವೆಯೇ ತುಂಡಾಗಿ ನಿಲ್ಲುತ್ತದೆ. ರೂಸ್ ಜನರ ಶವಸಂಸ್ಕಾರವನ್ನು ಕಣ್ಣಾರೆ ಕಂಡು ಬರೆದವರೆಂದು ಲೋಕ ಅವರನ್ನು ನೆನೆಯುತ್ತದೆ. ವೋಲ್ಗಾ ತೀರದ ಮುಸ್ಲಿಮರ ನೆನಪು ಬೇರೆ ಬಗೆಯದು. 2022ರಲ್ಲಿ ತಾತಾರ್‌ಸ್ತಾನದವರು ತಮ್ಮ ನಾಡು ಇಸ್ಲಾಮನ್ನು ಅಧಿಕೃತವಾಗಿ ಸ್ವೀಕರಿಸಿದ 1100ನೆಯ ವರ್ಷವನ್ನು ಆಚರಿಸಿದರು.

ದೂರದ ನಾಡಿನ ಕೆಲಸಕ್ಕೆ ಹೋಗಬೇಕೇ ಬೇಡವೇ ಎಂದು ತೂಗಿ ನೋಡುತ್ತಿರುವ ಸಹೋದರರು ಈ ಕಥೆಯಿಂದ ಎರಡು ಮಾತುಗಳನ್ನು ನೆನಪಿಡಲಿ. ಮೊದಲನೆಯದಾಗಿ, ಒಪ್ಪಿಕೊಳ್ಳುವ ಮುನ್ನವೇ ಚೆನ್ನಾಗಿ ವಿಚಾರಿಸಿ. ಮನೆಯವರೊಂದಿಗೆ ಮಶ್ವರಾ ಮಾಡಿ, ಇಸ್ತಿಖಾರಾ ಮಾಡಿ. ಆಗದೆಂದು ಕಂಡರೆ ಮೊದಲೇ ಆಗದೆನ್ನಿ, ಅದರಲ್ಲಿ ಅಪಮಾನವಿಲ್ಲ. ಕೊಡಲಾಗದ್ದನ್ನು ಕೊಡುತ್ತೇನೆಂದು ಹೊರಡಬೇಡಿ. ಎರಡನೆಯದಾಗಿ, ಹೋದ ಮೇಲೆ ಇಲ್ಲದ್ದನ್ನು ನೆನೆದು ಕೈಕಟ್ಟಿ ಕೂರಬೇಡಿ. ಕೈಯಲ್ಲಿ ಉಳಿದಿರುವುದು ಎರಡು ಚಿಕ್ಕ ಸೂರಃಗಳಷ್ಟೇ ಆಗಿದ್ದರೂ ಅದನ್ನು ಪ್ರಾಮಾಣಿಕವಾಗಿ ಒಪ್ಪಿಸಿ. 4000 ದೀನಾರುಗಳ ಕೋಟೆಗಾಗಿ ಕಾದಿದ್ದ ಆ ನಾಡಿನಲ್ಲಿ ತಾಲೂತನ ಮನೆಯವರಿಗೆ ಸಿಕ್ಕಿದ್ದು ಅದೇ.

ಅಲ್ಲಾಹನು ನಮ್ಮೆಲ್ಲರಿಗೂ ಅಮಾನತ್ತನ್ನು ಅರಿತು ಹೊರುವ ಸಾಮರ್ಥ್ಯವನ್ನು ಕರುಣಿಸಲಿ. ಆಮೀನ್.